ಹುಳುಮನೆಯಲ್ಲಿ ನಿಂತು "ಆಜ್ಞಾಪಿಸುತ್ತೇನೆ" ಎಂದರೆ ಸಾಕೇ? ದೇವರ ರಾಜ್ಯದ ಅಧಿಕಾರದ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು. ನಮ್ಮದು ಅಜ್ಜನ ಕಾಲದಿಂದ ರೇಷ್ಮೆ ಹುಳು ಸಾಕುವ ಮನೆ. ನಾನೂ ನನ್ನ ಹೆಂಡತಿಯೂ ದೀಕ್ಷಾಸ್ನಾನ ಪಡೆದು ಎಂಟು ವರ್ಷವಾಯಿತು. ಅಮ್ಮ ಇಂದಿಗೂ ಹಳೆಯ ಕ್ರಮದಲ್ಲಿಯೇ ನಡೆಯುತ್ತಾರೆ; ಅದಕ್ಕಾಗಿ ಮನೆಯಲ್ಲಿ ಜಗಳವೇನೂ ಇಲ್ಲ.

ಕಳೆದ ಬೆಳೆಗೆ ಮುಂಚೆ ಹೊರಊರಿನಿಂದ ಬಂದ ಒಬ್ಬ ಬೋಧಕರು ನಮ್ಮ ಪ್ರಾರ್ಥನಾ ಕೂಟದಲ್ಲಿ ಮೂರು ದಿನ ದೇವರ ರಾಜ್ಯದ ಅಧಿಕಾರದ ವಿಷಯವಾಗಿ ಬೋಧಿಸಿದರು. ಹಾವು ಚೇಳುಗಳನ್ನು ತುಳಿಯುವ ಅಧಿಕಾರದ ಮಾತು ಬರುವ ಲೂಕ 10:19ನ್ನು ಓದಿ, ರಾಜನ ಮಕ್ಕಳು ಬೇಡುವವರಲ್ಲ, ಆಳುವವರು. ರೋಗಕ್ಕೂ ಸಾಲಕ್ಕೂ ನಷ್ಟಕ್ಕೂ ಆಜ್ಞೆ ಕೊಡಬೇಕು ಎಂದರು. ನಾನು ನಂಬಿದೆ. ಗೂಡಿನ ರೇಟು ಚೆನ್ನಾಗಿದ್ದುದರಿಂದ ಹಿಂದಿನ ಬೆಳೆ ಇಳಿದ ವಾರದೊಳಗೆ 150 ಮೊಟ್ಟೆಯ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪೇ ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ) ಚಾಕಿ ಹುಳು, ಅಂದರೆ ಎಳೆಯ ಹುಳು, ತಂದು ಬಿಟ್ಟೆ. ಹುಳುಮನೆಗೆ ರೋಗಾಣು ಸಾಯಿಸುವ ಬ್ಲೀಚಿಂಗ್ ಹೊಡೆಯಲಿಲ್ಲ, ಸುಣ್ಣವನ್ನೂ ಬಳಿಯಲಿಲ್ಲ. ಕರ್ತನು ಕಾಯುತ್ತಾನೆ, ನನಗೆ ಅಧಿಕಾರವಿದೆ ಎಂದುಕೊಂಡೆ.

ನಾಲ್ಕನೇ ಜ್ವರ (ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೂರನೆಯ ದಿನ ಕೆಲವು ಹುಳುಗಳು ಸೊಪ್ಪು ಬಿಟ್ಟು ರ್ಯಾಕಿನ ಅಂಚಿನಲ್ಲಿ ಅಲೆಯತೊಡಗಿದವು. ಮೈಯ ಗಿಣ್ಣುಗಳು ಊದಿಕೊಂಡಿದ್ದವು. ಮುಟ್ಟಿದರೆ ಚರ್ಮ ಒಡೆದು ಹಾಲಿನಂಥ ನೀರು ಒಸರುತ್ತಿತ್ತು. ಅದು ಹಾಲುತೊಂಡೆ ರೋಗ. ಹುಳುಮನೆಯ ನಡುವೆ ನಿಂತು, ನನಗೆ ಕಲಿಸಿದ್ದ ಹಾಗೆಯೇ ಗಟ್ಟಿ ಧ್ವನಿಯಲ್ಲಿ ಆ ರೋಗಕ್ಕೆ ಹೊರಡು ಎಂದು ಆಜ್ಞಾಪಿಸಿದೆ. ಎರಡು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಹುಳು ಗುಂಡಿ ಸೇರಿತು. ಉಳಿದದ್ದನ್ನು ಚಂದ್ರಿಕೆಗೆ (ಹುಳು ಗೂಡು ಕಟ್ಟುವ ತಟ್ಟೆಗೆ) ಹಾಕಿದರೆ 30 ಕೆ.ಜಿ. ಗೂಡೂ ಆಗಲಿಲ್ಲ.

ಬೋಧಕರಿಗೆ ಫೋನ್ ಮಾಡಿದಾಗ, ನಿಮ್ಮ ನಂಬಿಕೆಯಲ್ಲಿ ಸಂದೇಹ ಸೇರಿಕೊಂಡಿತ್ತು ಎಂದರು. ಅಮ್ಮ ಕೇಳಿದ್ದು ಬೇರೆ: "ನಿಮ್ಮ ದೇವರು ಸುಣ್ಣ ಹೊಡೀಬೇಡ ಅಂತ ಹೇಳಿದ್ದನೇನೋ?" ಎಂದು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ವಿಶ್ವಾಸಿಗೆ ನಿಜವಾಗಿಯೂ ಅಧಿಕಾರವಿದೆಯೇ? ಇದ್ದರೆ ಬೆಳಗಿನಿಂದ ರಾತ್ರಿಯವರೆಗಿನ ನನ್ನ ಕೆಲಸದಲ್ಲಿ ಅದು ಎಲ್ಲಿದೆ? ತಿಳಿದವರು ತಿಳಿಸಬೇಕು.

ಉತ್ತರ 1: ಚಿಂತಾಮಣಿಯ ಪತ್ರ ಬರಹಗಾರ

ಸಹೋದರರೇ, ನಷ್ಟದ ಸುದ್ದಿ ಓದಿ ಸಂಕಟವಾಯಿತು. ನಾನು ದೇವಶಾಸ್ತ್ರ ಓದಿದವನಲ್ಲ, ಸಬ್ ರಿಜಿಸ್ಟ್ರಾರ್ ಕಚೇರಿಯ ಬಳಿ ಕುಳಿತು ಕ್ರಯಪತ್ರ, ಭೋಗ್ಯಪತ್ರ, ಜಿಪಿಎ (ನನ್ನ ಪರವಾಗಿ ನೀನು ಕೆಲಸ ನಡೆಸು ಎಂದು ಕೊಡುವ ಅಧಿಕಾರಪತ್ರ) ಬರೆದುಕೊಡುವವನು. ಆದರೆ "ಅಧಿಕಾರ" ಎಂಬ ಪದ ದಿನಕ್ಕೆ ಹತ್ತು ಸಲ ನನ್ನ ಕೈಯಲ್ಲಿ ಹಾದುಹೋಗುತ್ತದೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಗಿ ನಮ್ಮ ಕಡೆಯ ಜಮೀನಿಗೂ ಬೆಲೆ ಏರಿದ ಮೇಲಂತೂ ಕೇಳುವುದೇ ಬೇಡ. ಆದ್ದರಿಂದ ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ.

ಒಮ್ಮೆ ಒಬ್ಬ ಯುವಕ ತನ್ನ ದೊಡ್ಡಪ್ಪ ಬರೆದುಕೊಟ್ಟ ಜಿಪಿಎ ಹಿಡಿದು ಬಂದು, ಎರಡು ಎಕರೆಗೆ ಕ್ರಯಪತ್ರ ಬರೆಯಿರಿ ಎಂದ. ಓದಿ ನೋಡಿದರೆ ಕಂದಾಯ ಕಟ್ಟುವುದಕ್ಕೂ ಕೋರ್ಟಿನಲ್ಲಿದ್ದ ಒಂದು ದಾವೆಯನ್ನು ನೋಡಿಕೊಳ್ಳುವುದಕ್ಕೂ ಮಾತ್ರ ಅದರಲ್ಲಿ ಅಧಿಕಾರ ಕೊಟ್ಟಿತ್ತು. "ಸಹಿ ದೊಡ್ಡಪ್ಪನದೇ ಅಲ್ಲವೇ?" ಎಂದು ಅವನು ರೇಗಿದ. ಸಹಿ ನಿಜವಾದದ್ದೇ, ಮಾರುವ ಅಧಿಕಾರ ಮಾತ್ರ ಅದರಲ್ಲಿರಲಿಲ್ಲ. ಲೂಕ 10:19ನ್ನು ಅದರ ಹಿಂದು ಮುಂದು ಬಿಟ್ಟು ಓದುವವರನ್ನು ಕಂಡಾಗಲೆಲ್ಲ ನನಗೆ ಆ ಹುಡುಗನ ನೆನಪಾಗುತ್ತದೆ. ಆ ಮಾತನ್ನು ಯೇಸು ಹೇಳಿದ್ದು, ತಾನು ಇಬ್ಬಿಬ್ಬರನ್ನಾಗಿ ಕಳುಹಿಸಿದ್ದ ಶಿಷ್ಯರು ಹಿಂತಿರುಗಿ ಬಂದಾಗ. ಹೊರಡುವಾಗ ಅವರಿಗೆ ಸಿಕ್ಕಿದ್ದ ಅಪ್ಪಣೆ ಆ ಅಧ್ಯಾಯದ ಆರಂಭದಲ್ಲಿಯೇ ಇದೆ: ಹಣದ ಚೀಲ ಒಯ್ಯಬೇಡಿ, ಮುಂದಿಟ್ಟದ್ದನ್ನು ಊಟ ಮಾಡಿ, ರೋಗಿಗಳನ್ನು ಗುಣಪಡಿಸಿ, ದೇವರ ರಾಜ್ಯ ಸಮೀಪಿಸಿತೆಂದು ಹೇಳಿ. ಕಳುಹಿಸಿದ ಕೆಲಸಕ್ಕೆ ಬೇಕಾದ ಅಧಿಕಾರ ಅದು. ತಮ್ಮ ವ್ಯಾಪಾರದ ಲಾಭಕ್ಕೆ ಅವರು ಅದನ್ನು ಬಳಸಿದ ಒಂದು ಉದಾಹರಣೆಯೂ ನನಗೆ ಸಿಕ್ಕಿಲ್ಲ. ಇನ್ನು 20ನೆಯ ವಚನ: ದೆವ್ವಗಳು ನಿಮಗೆ ಅಧೀನವಾದವೆಂದು ಸಂತೋಷಪಡಬೇಡಿ, ನಿಮ್ಮ ಹೆಸರು ಪರಲೋಕದಲ್ಲಿ ಬರೆದಿದೆ ಎಂದು ಸಂತೋಷಪಡಿ ಎನ್ನುತ್ತಾನೆ. ಬೋಧಕರು ಮೂರು ದಿನದಲ್ಲಿ ಆ ವಚನದವರೆಗೆ ಬಂದರೋ ಇಲ್ಲವೋ!

ಜಿಪಿಎ ಇದ್ದ ಮಾತ್ರಕ್ಕೆ ಜಮೀನು ನಮ್ಮದಾಗುವುದಿಲ್ಲ. ಜಿಪಿಎ ಮೂಲಕ ನಡೆಸುವ ಮಾರಾಟದಿಂದ ಮಾಲೀಕತ್ವ ವರ್ಗವಾಗದೆಂದು ಸುಪ್ರೀಂ ಕೋರ್ಟೂ 2011ರಲ್ಲಿ ಸ್ಪಷ್ಟಪಡಿಸಿತು. ಅಧಿಕಾರ ಹಿಡಿದವನು ಕೊಟ್ಟವನ ಕೈಕೆಳಗೇ ಇರುತ್ತಾನೆ. ಕಪೆರ್ನೌಮಿನ ಶತಾಧಿಪತಿ, ಅಂದರೆ ರೋಮನ್ ಸೇನೆಯ ಅಧಿಕಾರಿ, ಯೇಸುವಿನ ಮುಂದೆ ಹೇಳಿದ್ದೂ ಇದನ್ನೇ (ಮತ್ತಾಯ 8). ನನ್ನ ಕೈಕೆಳಗೆ ಸಿಪಾಯಿಗಳಿದ್ದಾರೆ ಎನ್ನುವುದಕ್ಕೆ ಮೊದಲು, ನಾನೂ ಮತ್ತೊಬ್ಬರ ಕೈಕೆಳಗಿರುವವನು ಎಂದ. ಇದಕ್ಕೆ ತದ್ವಿರುದ್ಧವಾದವರು ಸ್ಕೇವನ ಏಳು ಮಕ್ಕಳು (ಅಪೊಸ್ತಲರ ಕೃತ್ಯಗಳು 19). ದೆವ್ವ ಬಿಡಿಸಲು ಹೋಗಿ ಯೇಸುವಿನ ಹೆಸರನ್ನು ಸರಿಯಾಗಿಯೇ ಹೇಳಿದರು, ಕಳುಹಿಸಿದವನು ಯಾರೂ ಇರಲಿಲ್ಲ. ಬಟ್ಟೆಯಿಲ್ಲದೆ, ಗಾಯಗೊಂಡು ಓಡಿದರು. ಅಂದಹಾಗೆ, ಜಿಪಿಎ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಅದು ಅಲ್ಲಿಗೇ ಮುಗಿಯುತ್ತದೆ. ನಮಗೆ ಅಧಿಕಾರ ಕೊಟ್ಟವನು ಸತ್ತು ಎದ್ದ ಮೇಲೆಯೇ, ಪರಲೋಕದಲ್ಲಿಯೂ ಭೂಲೋಕದಲ್ಲಿಯೂ ಎಲ್ಲ ಅಧಿಕಾರ ನನಗೆ ಕೊಡಲ್ಪಟ್ಟಿದೆ ಎಂದು ಹೇಳಿ ಶಿಷ್ಯರನ್ನು ಕಳುಹಿಸಿದ್ದು. ಆದ್ದರಿಂದ ಅಧಿಕಾರ ಇದೆಯೇ ಎಂಬ ನಿಮ್ಮ ಪ್ರಶ್ನೆಗೆ, ಇದೆ ಎಂದೇ ನನ್ನ ಉತ್ತರ.

ಎಲ್ಲಿದೆ ಎಂದು ಕೇಳಿದಿರಿ. ಮನುಷ್ಯನಿಗೆ ದೊರೆತನ ಕೊಟ್ಟ ದೇವರು ಅವನನ್ನು ತಂದು ನಿಲ್ಲಿಸಿದ್ದು ಒಂದು ತೋಟದಲ್ಲಿ, ಅದನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ (ಆದಿಕಾಂಡ 2:15). ನಿಮ್ಮ ಹುಳುಮನೆ ನಿಮಗೆ ಒಪ್ಪಿಸಿದ ತೋಟ. ಬೆಳೆ ಇಳಿದ ಮೇಲೆ ಗೋಡೆ, ರ್ಯಾಕು, ತಟ್ಟೆಗಳನ್ನು ತೊಳೆದು, ಬ್ಲೀಚಿಂಗ್ ಹೊಡೆದು, ಸುಣ್ಣ ಬಳಿದು ಒಣಗಬಿಡುವುದು ಅಪನಂಬಿಕೆಯ ಕೆಲಸವಲ್ಲ. ನಿಮಗೆ ಕೊಟ್ಟಿದ್ದ ಅಧಿಕಾರವನ್ನು ನಡೆಸುವುದೇ ಅದು. ಹಾಲುತೊಂಡೆ ವೈರಸ್ಸಿನಿಂದ ಬರುವ ರೋಗ, ಒಡೆದ ಹುಳುವಿನ ಆ ಬಿಳಿ ನೀರು ಸೊಪ್ಪಿಗೆ ತಾಗಿ ಉಳಿದ ಹುಳುಗಳಿಗೆ ಹರಡುತ್ತದೆ. ನೀವು ಆಜ್ಞಾಪಿಸುವ ಎರಡು ವಾರ ಮುಂಚೆಯೇ ಆ ಅಧಿಕಾರವನ್ನು ಉಪಯೋಗಿಸದೆ ಬಿಟ್ಟಿದ್ದಿರಿ ಎಂದು ನಾನು ಹೇಳಿದರೆ ಬೇಸರಿಸಬೇಡಿ.

ನನ್ನ ಭಾವಮೈದುನನೂ ಹುಳು ಸಾಕುತ್ತಾನೆ, ಅದಕ್ಕಾಗಿ ಒಂದು ಮಾತು ಕೇಳುತ್ತೇನೆ. ಆ ಬೆಳೆಗೆ ಬಳಸಿದ ಚಂದ್ರಿಕೆಗಳು ಈಗ ಎಲ್ಲಿವೆ?

ಉತ್ತರ 2: ತುಮಕೂರಿನ ಹಿರಿಯ ವಿಶ್ವಾಸಿ

ಚಿಂತಾಮಣಿಯ ಸಹೋದರರು ಬರೆದದ್ದು ಬಹುಮಟ್ಟಿಗೆ ಸರಿ. ಆದರೆ ಓದುವವರು ಆಜ್ಞಾಪಿಸುವ ಪ್ರಾರ್ಥನೆಯನ್ನೇ ಕೈಬಿಟ್ಟಾರು ಎಂಬ ಭಯದಿಂದ ಇದನ್ನು ಬರೆಯುತ್ತಿದ್ದೇನೆ. ಯೇಸು ಸೀಮೋನನ ಅತ್ತೆಯ ಜ್ವರವನ್ನು ಗದರಿಸಿದನು. ಪೇತ್ರನು ದೇವಾಲಯದ ಸುಂದರ ದ್ವಾರದ ಬಳಿ ಕುಂಟನಿಗಾಗಿ ಬೇಡಿಕೊಳ್ಳಲಿಲ್ಲ, ನಡೆ ಎಂದನು. ಇವನ್ನು ಸತ್ಯವೇದದಿಂದ ಅಳಿಸಲಾಗದು.

ನಮ್ಮ ತಂದೆ ಕುಡಿತಕ್ಕೆ ಬಿದ್ದಿದ್ದರು. ರಾಜ್ಯದಲ್ಲಿ ಸಾರಾಯಿ ನಿಂತದ್ದು 2007ರಲ್ಲಿ. ನಮ್ಮ ಮನೆಯಲ್ಲಿ ಅದಕ್ಕೂ ನಾಲ್ಕು ವರ್ಷ ಮೊದಲೇ ನಿಂತಿತು. ಸಭೆಯ ಹಿರಿಯರಿಬ್ಬರು ಅವರ ತಲೆಯ ಮೇಲೆ ಕೈಯಿಟ್ಟು ಯೇಸುವಿನ ನಾಮದಲ್ಲಿ ಆ ಕಟ್ಟನ್ನು ಮುರಿಯುತ್ತೇವೆ ಎಂದು ಹೇಳಿದ ರಾತ್ರಿ ನಾನು ಪಕ್ಕದಲ್ಲಿಯೇ ಇದ್ದೆ. ಅಂದಿನಿಂದ ಅವರು ಮುಟ್ಟಲಿಲ್ಲ. ಆದರೆ ಸಾಕ್ಷಿ ಹೇಳುವಾಗ ನಾನು ಅನೇಕ ಸಲ ಬಿಟ್ಟುಬಿಡುತ್ತಿದ್ದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳಬೇಕು. ಆ ಹಿರಿಯರಲ್ಲಿ ಒಬ್ಬರು ಸುಮಾರು ಒಂದು ವರ್ಷ ಪ್ರತಿ ಸಂಜೆ ಕೆಲಸ ಬಿಡುವ ಹೊತ್ತಿಗೆ ಸೈಕಲ್ ತಳ್ಳಿಕೊಂಡು ಬಂದು, ಸಾರಾಯಿ ಅಂಗಡಿ ದಾಟುವವರೆಗೆ ನಮ್ಮ ತಂದೆಯ ಜೊತೆ ನಡೆದುಕೊಂಡೇ ಬರುತ್ತಿದ್ದರು. ಆ ರಾತ್ರಿಯ ಆಜ್ಞೆಯಲ್ಲಿ ಹೆಚ್ಚು ಅಧಿಕಾರವಿತ್ತೋ, ಆ ಸಂಜೆಗಳಲ್ಲಿ ಹೆಚ್ಚಿತ್ತೋ ಎಂದು ಬೇರ್ಪಡಿಸಲು ನನಗೆ ಇಂದಿಗೂ ಆಗಿಲ್ಲ.

ಉತ್ತರ 3: ಕೋಲಾರದಲ್ಲಿ ನರ್ಸ್ ಆಗಿರುವ ಸಹೋದರಿ

ನಿಮ್ಮ ನಂಬಿಕೆಯಲ್ಲಿ ಸಂದೇಹ ಸೇರಿತ್ತು ಎಂದು ಫೋನಿನಲ್ಲಿ ಹೇಳಿದ ಮಾತಿಗೆ ಮಾತ್ರ ಉತ್ತರಿಸುತ್ತೇನೆ, ಅಣ್ಣ. ಆ ಮಾತನ್ನು ಹೊತ್ತುಕೊಂಡು ಬಂದ ರೋಗಿಗಳನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ, ಕಾಲಿನ ಹುಣ್ಣು ಕಪ್ಪಾದ ಮೇಲೆ ಬಂದವರು ಅವರಲ್ಲಿದ್ದರು. ದೆವ್ವ ಹಿಡಿದ ಹುಡುಗನನ್ನು ಶಿಷ್ಯರು ಬಿಡಿಸಲಾರದೆ ಹೋದಾಗ, ಯೇಸು ನಂಬಿಕೆ ಸಾಲದೆಂದು ಹೇಳಿದ್ದು ಶಿಷ್ಯರಿಗೆ (ಮತ್ತಾಯ 17). ಹುಡುಗನ ತಂದೆಯಾದರೋ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡು ಎಂದು ಕೂಗಿಕೊಂಡನು (ಮಾರ್ಕ 9). ಅಷ್ಟು ಸಂದೇಹವನ್ನು ಬಾಯಿಬಿಟ್ಟು ಹೇಳಿದವನ ಮಗನೂ ಗುಣವಾದನು. ಪೌಲನಂಥವನೇ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತದಲ್ಲಿ ರೋಗಿಯಾಗಿಯೇ ಬಿಟ್ಟು ಬರಬೇಕಾಯಿತು. ತನ್ನ ಜೊತೆ ಸೇವಕನಾದ ತಿಮೊಥೆಯನ ಹೊಟ್ಟೆನೋವಿಗೆ ಆಜ್ಞೆ ಕೊಡದೆ, ಸ್ವಲ್ಪ ದ್ರಾಕ್ಷಾರಸ ತೆಗೆದುಕೋ ಎಂದು ಬರೆದನು. ದಯವಿಟ್ಟು ಆ ಹೊರೆಯನ್ನು ಇಳಿಸಿಬಿಡಿ.

ಪ್ರಶ್ನೆ ಕೇಳಿದವರಿಂದ:

ಎಲ್ಲರಿಗೂ ವಂದನೆಗಳು. ಚಂದ್ರಿಕೆಗಳ ಬಗ್ಗೆ ಕೇಳಿದ್ದನ್ನು ಓದಿ ಎರಡು ದಿನ ಉತ್ತರ ಬರೆಯಲಿಲ್ಲ. ಅವುಗಳಲ್ಲಿ ಇಪ್ಪತ್ತನ್ನು ಪಕ್ಕದ ಹೊಲದವರಿಗೆ ಬಾಡಿಗೆಗೆ ಕೊಟ್ಟಿದ್ದೆ. ರೋಗ ಬಂದಿತ್ತೆಂದು ಹೇಳಿರಲಿಲ್ಲ. ಹೇಳಿದರೆ ಆಜ್ಞಾಪಿಸಿದ್ದು ಫಲಿಸಲಿಲ್ಲವೆಂದು ಊರಿಗೆ ಗೊತ್ತಾಗುತ್ತದೆ ಎಂಬ ನಾಚಿಕೆಯೂ ಅದಕ್ಕೆ ಕಾರಣ. ನಿನ್ನೆ ಸಂಜೆ ಹೋಗಿ ಹೇಳಿದೆ, ಬಾಡಿಗೆ ಹಣವನ್ನೂ ವಾಪಸು ಕೊಟ್ಟೆ. ಅವರು ಒಳ್ಳೆಯ ಮಾತೇನೂ ಆಡಲಿಲ್ಲ. ಅವರ ಹುಳುಗಳು ಹಣ್ಣಾಗಲು ಇನ್ನೂ ಐದಾರು ದಿನವಿದೆ, ಚಂದ್ರಿಕೆಗಳನ್ನು ಇನ್ನೂ ಹುಳುಮನೆಯೊಳಗೆ ತಂದಿರಲಿಲ್ಲ. ಇಂದು ಬೆಳಗ್ಗೆ ಅವನ್ನು ಹೊತ್ತು ತಂದು ಬ್ಲೀಚಿಂಗ್ ನೀರಿನಲ್ಲಿ ತೊಳೆದು ಬಿಸಿಲಿಗೆ ಒರಗಿಸಿದ್ದೇನೆ. ಅಮ್ಮ ಅವುಗಳ ಬದಿ ತಿರುಗಿಸುತ್ತಿದ್ದಾರೆ.