ಪತ್ರಿಕೆಯಲ್ಲಿ ಸಿಕ್ಕ ಇಂಗ್ಲಿಷ್ ಪದ ನೆನಪಿನಲ್ಲಿ ಉಳಿಯಬೇಕಾದರೆ ಏನು ಮಾಡಬೇಕು? ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ಬಿ.ಕಾಂ. ಅಂತಿಮ ವರ್ಷದ ವಿದ್ಯಾರ್ಥಿನಿ, ದಾವಣಗೆರೆ

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು, ಈಗ ಬ್ಯಾಂಕ್ ಪರೀಕ್ಷೆಗೆ ಸಿದ್ಧತೆ ಮಾಡಿಕೊಳ್ಳುತ್ತಿದ್ದೇನೆ. ಇಂಗ್ಲಿಷ್ ಪತ್ರಿಕೆ ಓದಿದರೆ ಪದಸಂಪತ್ತು ಬೆಳೆಯುತ್ತದೆ ಎಂದು ಎಲ್ಲರೂ ಹೇಳಿದ್ದರಿಂದ, ನಾಲ್ಕು ತಿಂಗಳಿನಿಂದ ಪ್ರತಿದಿನ ಒಂದು ಸಂಪಾದಕೀಯವನ್ನು ಓದಿ, ಅದರಲ್ಲಿ ಗೊತ್ತಿಲ್ಲದ ಇಪ್ಪತ್ತೈದು ಪದಗಳಿಗೆ ಗೆರೆ ಎಳೆದು, ನೋಟ್‌ಬುಕ್ಕಿನಲ್ಲಿ ಅರ್ಥ ಬರೆದುಕೊಳ್ಳುತ್ತಿದ್ದೇನೆ. ಎರಡನೆಯ ನೋಟ್‌ಬುಕ್ ಮುಗಿಯುತ್ತ ಬಂದಿದೆ. ಆದರೆ ಹಿಂದಿನ ವಾರದ ಪುಟ ತೆರೆದರೆ ಅರ್ಧಕ್ಕಿಂತ ಹೆಚ್ಚು ಪದಗಳು ಮೊದಲ ಸಲ ನೋಡಿದಂತೆ ಕಾಣುತ್ತವೆ. ನೆನಪಿರುವ ಪದವನ್ನೂ ವಾಕ್ಯದಲ್ಲಿ ಬಳಸಲು ಧೈರ್ಯ ಬರುವುದಿಲ್ಲ. ಈ ದಾರಿಯಲ್ಲಿ ನಡೆದವರು ತಾವು ಏನು ಮಾಡಿದಿರಿ ಎಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ನಿವೃತ್ತ ಇಂಗ್ಲಿಷ್ ಶಿಕ್ಷಕ, ಚಿತ್ರದುರ್ಗ

ತಾಯೀ, ನಿಮ್ಮ ನಾಲ್ಕು ತಿಂಗಳ ಶ್ರಮ ವ್ಯರ್ಥವಾಯಿತೆಂದು ದಯವಿಟ್ಟು ತಿಳಿಯಬೇಡಿ. ತೊಂದರೆ ಇರುವುದು ನೀವು ಆರಿಸಿಕೊಂಡ ಪುಟದಲ್ಲಿ. ಸಂಪಾದಕೀಯವೊಂದರಲ್ಲಿ ಐನೂರು ಪದಗಳಿವೆ ಎಂದುಕೊಂಡರೆ, ಅದರಲ್ಲಿ ಇಪ್ಪತ್ತೈದು ಗೊತ್ತಿಲ್ಲ ಎಂದರೆ ಪ್ರತಿ ಇಪ್ಪತ್ತು ಪದಕ್ಕೆ ಒಂದು ಕಡೆ ನೀವು ಎಡವುತ್ತಿದ್ದೀರಿ ಎಂದಾಯಿತು. ನ್ಯೂಜಿಲೆಂಡಿನ ಭಾಷಾ ವಿದ್ವಾಂಸರಾದ ಪಾಲ್ ನೇಷನ್ ಮತ್ತು ಅವರ ಸಂಗಡಿಗರು ಕಂಡುಕೊಂಡಂತೆ, ಯಾರ ನೆರವೂ ಇಲ್ಲದೆ ಒಂದು ಬರಹವನ್ನು ನೆಮ್ಮದಿಯಾಗಿ ಓದಬೇಕಾದರೆ ಅದರ ನೂರು ಪದಗಳಲ್ಲಿ ಸುಮಾರು ತೊಂಬತ್ತೆಂಟು ಮೊದಲೇ ತಿಳಿದಿರಬೇಕು. ಅಷ್ಟು ತಿಳಿದಿದ್ದಾಗ ಉಳಿದೆರಡು ಪದಗಳ ಅರ್ಥ ಸುತ್ತಲಿನ ಮಾತಿನಿಂದಲೇ ಹೊಳೆಯುತ್ತದೆ, ಹಾಗೆ ಹೊಳೆದದ್ದು ಮನಸ್ಸಿನಲ್ಲಿ ನಿಲ್ಲುತ್ತದೆ.

ಆದ್ದರಿಂದ ನನ್ನ ತರಗತಿಯ ಮಕ್ಕಳಿಗೆ ನಾನು ಸಂಪಾದಕೀಯವನ್ನು ಕೊಡುತ್ತಿರಲಿಲ್ಲ. ಅವರಿಗೆ ಮೊದಲೇ ಗೊತ್ತಿದ್ದ ಊರಿನ ಸುದ್ದಿಯನ್ನು ಕೊಡುತ್ತಿದ್ದೆ. 2022ರ ಸೆಪ್ಟೆಂಬರಿನಲ್ಲಿ ನಮ್ಮ ಹಿರಿಯೂರಿನ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ, 1933ರ ನಂತರ ಮೊದಲ ಬಾರಿಗೆ ತುಂಬಿ ಕೋಡಿ ಬಿದ್ದಾಗ ಮನೆಮನೆಯಲ್ಲೂ ಅದೇ ಮಾತಾಗಿತ್ತು. ಅರ್ಧ ತರಗತಿಯ ಮಕ್ಕಳು ಅಪ್ಪ ಅಮ್ಮನ ಜೊತೆ ಹೋಗಿ ನೀರು ನೋಡಿ ಬಂದಿದ್ದರು. ಮರುದಿನ ಕನ್ನಡ ಪತ್ರಿಕೆಯ ವರದಿಯನ್ನು ಮೊದಲು ಓದಿಸಿ, ಆಮೇಲೆ ಅದೇ ಸುದ್ದಿಯ ಇಂಗ್ಲಿಷ್ ವರದಿಯನ್ನು ಕೈಗೆ ಕೊಟ್ಟೆ. ‘ಇನ್‌ಫ್ಲೋ’ ಎಂದರೆ ಒಳಹರಿವು, ‘ಬ್ರಿಮ್’ ಎಂದರೆ ಅಂಚು, ‘ಡೌನ್‌ಸ್ಟ್ರೀಮ್’ ಎಂದರೆ ಅಣೆಕಟ್ಟಿನ ಕೆಳಗಣ ಭಾಗ ಎಂದು ನಾನು ಹೇಳಬೇಕಾಗಲೇ ಇಲ್ಲ. ಒಬ್ಬ ಹುಡುಗ ಎದ್ದು ನಿಂತು, ‘ಸಾರ್, ರಿವರ್ ಇನ್ ಸ್ಪೇಟ್ ಅಂದರೆ ಹೊಳೆ ತುಂಬಿ ಬಂತು ಅಂತಲಾ?’ ಎಂದು ಕೇಳಿದ. ಹೌದು, ಅದೇ ಅರ್ಥ.

ಆ ‘ಸ್ಪೇಟ್’ ಎಂಬ ಒಂದು ಪದದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಪದವೊಂದು ನಮ್ಮದಾಗುವ ಬಗೆ ನನಗೆ ಅರಿವಾದದ್ದು ಅದರಿಂದ. ಕೆಲವು ವಾರಗಳ ನಂತರ ಅದೇ ಹುಡುಗ ಪತ್ರಿಕೆಯ ತುಂಡೊಂದನ್ನು ಕತ್ತರಿಸಿ ತಂದು ಮೇಜಿನ ಮೇಲಿಟ್ಟ. ಅದರಲ್ಲಿ ‘ಎ ಸ್ಪೇಟ್ ಆಫ್ ಬರ್ಗ್ಲರೀಸ್’ ಎಂದಿತ್ತು. ಹೊಳೆಗೂ ಮನೆಗಳ್ಳತನಕ್ಕೂ ಏನು ಸಂಬಂಧ ಎಂಬುದು ಅವನ ಪ್ರಶ್ನೆಯಾಗಿತ್ತು. ನಾವು ಕನ್ನಡದಲ್ಲಿ ‘ಸರಣಿ ಕಳ್ಳತನ’ ಎನ್ನುತ್ತೇವೆ, ಒಂದರ ಹಿಂದೆ ಒಂದು ಕೊಂಡಿ ಬೆಸೆದ ಸರಪಳಿ ನಮಗೆ ಕಾಣುತ್ತದೆ. ಇಂಗ್ಲಿಷಿನವರಿಗೆ ಅದೇ ಸಂಗತಿ ಒಮ್ಮೆಲೇ ನುಗ್ಗಿ ಬರುವ ಹೊಳೆಯಾಗಿ ಕಾಣುತ್ತದೆ ಎಂದು ವಿವರಿಸಿದೆ. ಕೋಡಿಯ ನೀರನ್ನು ಕಣ್ಣಾರೆ ಕಂಡಿದ್ದ ಆ ತರಗತಿಯಲ್ಲಿ ‘ಸ್ಪೇಟ್’ ಪದವನ್ನು ಮರೆತ ಮಗು ಒಂದೂ ಇರಲಿಲ್ಲ. ನಿಘಂಟಿನಿಂದ ‘ಪ್ರವಾಹ, ಆಧಿಕ್ಯ’ ಎಂದು ಬರೆಸಿದ್ದರೆ ಸಂಜೆಯ ಹೊತ್ತಿಗೇ ಮರೆಯುತ್ತಿದ್ದರು.

ನೀವು ದಾವಣಗೆರೆಯವರು. ಭದ್ರಾ ನಾಲೆಯ ನೀರು, ಮೆಕ್ಕೆಜೋಳದ ದರ, ಮಹಾನಗರ ಪಾಲಿಕೆಯ ಸಭೆ, ಇವೆಲ್ಲ ನಿಮಗೆ ಗೊತ್ತಿರುವ ವಿಷಯಗಳು. ಮೊದಲು ಕನ್ನಡದಲ್ಲಿ, ನಂತರ ಇಂಗ್ಲಿಷಿನಲ್ಲಿ, ದಿನಕ್ಕೆ ಒಂದೇ ಸುದ್ದಿ, ಐದೇ ಪದ. ಪಕ್ಕದಲ್ಲಿ ಬರೆಯುವ ಕನ್ನಡ ಅರ್ಥವನ್ನು ನಿಘಂಟಿನಿಂದ ತೆಗೆಯುವುದಕ್ಕಿಂತ ಕನ್ನಡ ವರದಿಯಿಂದಲೇ ಹೆಕ್ಕಿಕೊಳ್ಳಿ. ಸಂಪಾದಕೀಯವನ್ನು ಆರು ತಿಂಗಳ ನಂತರ ಓದಬಹುದು.

ಉತ್ತರ: ಕನ್ನಡ ದಿನಪತ್ರಿಕೆಯೊಂದರ ರಾತ್ರಿ ಪಾಳಿಯ ಉಪಸಂಪಾದಕ, ದಾವಣಗೆರೆ

ಮೇಷ್ಟ್ರು ಹೇಳಿದ್ದನ್ನು ಒಪ್ಪುತ್ತೇನೆ. ಸುದ್ದಿಸಂಸ್ಥೆಗಳಿಂದ ಬರುವ ಇಂಗ್ಲಿಷ್ ವರದಿಗಳನ್ನು ಕನ್ನಡಕ್ಕೆ ತರುವುದೇ ನನ್ನ ಕೆಲಸವಾದ್ದರಿಂದ, ತಲೆಬರಹಗಳ ವಿಷಯವನ್ನು ಸೇರಿಸಬಯಸುತ್ತೇನೆ. ಇಂಗ್ಲಿಷ್ ತಲೆಬರಹಕ್ಕೆ ಜಾಗ ಕಡಿಮೆ, ಹೀಗಾಗಿ ಅಲ್ಲಿ ಚಿಕ್ಕ ಪದಗಳದೇ ಒಂದು ಪ್ರತ್ಯೇಕ ಭಾಷೆ ಬೆಳೆದಿದೆ. ಒಪ್ಪಿಗೆಗೆ ‘ನಾಡ್’, ತನಿಖೆಗೆ ‘ಪ್ರೋಬ್’, ಬಂಧಿಸುವುದಕ್ಕೆ ‘ನ್ಯಾಬ್’, ಪರಿಶೀಲನೆಯಲ್ಲಿರುವುದಕ್ಕೆ ‘ಮಲ್’. ವಿವಾದವನ್ನು ಸೂಚಿಸುವ ಪದದ ಕಾಗುಣಿತ ಸಾಲು ಎಂಬರ್ಥದ ‘ರೋ’ ಪದದ್ದೇ ಆಗಿದ್ದರೂ ಅದರ ಉಚ್ಚಾರಣೆ ‘ರೌ’ ಎಂಬುದನ್ನು ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾದ ಮೇಲೆ ತಿಳಿದುಕೊಂಡೆ. ಈ ಪದಗಳನ್ನು ಸಂದರ್ಶನದಲ್ಲಿಯೋ ಅರ್ಜಿಯಲ್ಲಿಯೋ ಬಳಸಿದರೆ ಚೆನ್ನಾಗಿರುವುದಿಲ್ಲ.

ಆದರೆ ಅವುಗಳಿಂದ ಒಂದು ದೊಡ್ಡ ಲಾಭವಿದೆ. ತಲೆಬರಹದಲ್ಲಿ ‘ನಾಡ್’ ಎಂದಿದ್ದರೆ ಕೆಳಗಿನ ಮೊದಲ ಪ್ಯಾರಾದಲ್ಲಿ ಅದೇ ಸಂಗತಿ ‘ಅಪ್ರೂವಲ್’ ಎಂದಿರುತ್ತದೆ. ಮೇಲೆ ‘ಪ್ರೋಬ್’ ಇದ್ದರೆ ಕೆಳಗೆ ‘ಇನ್ವೆಸ್ಟಿಗೇಷನ್’ ಅಥವಾ ‘ಇನ್‌ಕ್ವೈರಿ’. ಮೇಲೆ ‘ರೌ’ ಇದ್ದರೆ ಕೆಳಗೆ ‘ಕಾಂಟ್ರೊವರ್ಸಿ’ ಅಥವಾ ‘ಡಿಸ್ಪ್ಯೂಟ್’. ತಲೆಬರಹದ ಪದಕ್ಕೂ ಪ್ಯಾರಾದ ಪದಕ್ಕೂ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದು ಜೋಡಿಸಿದರೆ, ನಿಮ್ಮ ಪರೀಕ್ಷೆಯಲ್ಲಿ ಕೇಳುವ ಸಮಾನಾರ್ಥಕ ಪದಗಳ ಜೋಡಿಯನ್ನು ಪತ್ರಿಕೆಯೇ ದಿನವೂ ಪುಕ್ಕಟೆಯಾಗಿ ಕೊಟ್ಟಂತಾಗುತ್ತದೆ.

ಎರಡು ಮುಖದ ಪದಗಳ ಬಗ್ಗೆ ಎಚ್ಚರ ಇರಲಿ. ಸರ್ಕಾರ ರಸ್ತೆಗೆ ಹಣ ‘ಸ್ಯಾಂಕ್ಷನ್’ ಮಾಡಿತು ಎಂದರೆ ಮಂಜೂರು. ಒಂದು ದೇಶದ ಮೇಲೆ ‘ಸ್ಯಾಂಕ್ಷನ್ಸ್’ ಹೇರಿದರು ಎಂದರೆ ನಿರ್ಬಂಧ. ‘ಟೇಬಲ್’ ಎಂಬ ಕ್ರಿಯಾಪದ ಇನ್ನೂ ಕಷ್ಟದ್ದು. ನಮ್ಮ ವಿಧಾನಸಭೆಯಲ್ಲಿ ಮಸೂದೆಯನ್ನು ಟೇಬಲ್ ಮಾಡುವುದೆಂದರೆ ಮಂಡಿಸುವುದು, ಅಮೆರಿಕದ ವರದಿಯಲ್ಲಿ ಅದೇ ಪದಕ್ಕೆ ಚರ್ಚೆಯನ್ನು ಮುಂದಕ್ಕೆ ಹಾಕಿ ಬದಿಗಿಡುವುದು ಎಂದರ್ಥ. ಹೊಸದರಲ್ಲಿ ನಾನು ಅಮೆರಿಕದ ಸುದ್ದಿಯೊಂದನ್ನು ‘ಮಂಡಿಸಲಾಯಿತು’ ಎಂದು ಅನುವಾದಿಸಿ ಪುಟಕ್ಕೆ ಕಳುಹಿಸಿದ್ದೆ. ಹಿರಿಯರೊಬ್ಬರು ಅಚ್ಚಿಗೆ ಹೋಗುವ ಮುನ್ನ ಅದನ್ನು ಹಿಡಿದು, ಮೂಲದ ಮುಂದಿನ ಎರಡು ಪ್ಯಾರಾಗಳನ್ನು ನನ್ನಿಂದಲೇ ಗಟ್ಟಿಯಾಗಿ ಓದಿಸಿದರು. ಮಸೂದೆ ನಿಂತುಹೋದದ್ದರಿಂದ ಬೇಸರಗೊಂಡವರ ಮಾತುಗಳು ಅಲ್ಲೇ ಇದ್ದವು. ಗೊತ್ತಿರುವ ಪದವೆಂದು ಮುಂದಿನದನ್ನು ಓದದೆ ಅರ್ಥ ಮಾಡುವ ಅಭ್ಯಾಸವನ್ನು ಆ ರಾತ್ರಿ ಬಿಟ್ಟೆ.

ಉತ್ತರ: ಬ್ಯಾಂಕ್ ಉದ್ಯೋಗಿ, ದಾವಣಗೆರೆ

ತಂಗಿ, ನಾನೂ ಕನ್ನಡ ಮಾಧ್ಯಮದವಳು, ಇದೇ ಪರೀಕ್ಷೆ ಬರೆದು ಬಂದವಳು. ನನಗೆ ನೋಟ್‌ಬುಕ್ ಎಂಬುದೇ ಅಡ್ಡಿಯಾಗಿತ್ತು. ನೋಟ್‌ಬುಕ್ಕಿನಲ್ಲಿ ಅರ್ಥ ಪದದ ಎದುರಿಗೇ ಇರುವುದರಿಂದ ಕಣ್ಣು ಅದನ್ನು ಓದಿಬಿಡುತ್ತದೆ, ನೆನಪಿಗೆ ಕೆಲಸವೇ ಇರುವುದಿಲ್ಲ. ಮನೆಯಲ್ಲಿ ರಾಶಿ ಬಿದ್ದಿದ್ದ ಹಳೆಯ ಲಗ್ನಪತ್ರಿಕೆಗಳ ಖಾಲಿ ಭಾಗವನ್ನು ಕತ್ತರಿಸಿ ಚೀಟಿ ಮಾಡಿಕೊಂಡೆ. ಒಂದು ಬದಿಗೆ ಪತ್ರಿಕೆಯ ವಾಕ್ಯವನ್ನು ಪದದ ಜಾಗ ಖಾಲಿ ಬಿಟ್ಟು ಬರೆದು ಕೆಳಗೆ ಕನ್ನಡ ಸುಳಿವು ಕೊಡುವುದು, ಇನ್ನೊಂದು ಬದಿಗೆ ಆ ಪದ. ಮರುದಿನ, ಮೂರನೆಯ ದಿನ, ವಾರಕ್ಕೆ, ಮೂರು ವಾರಕ್ಕೆ ಒಮ್ಮೆ ನೋಡುವುದು. ಒಂದೊಂದು ಸರದಿಗೂ ಒಂದೊಂದು ಡಬ್ಬಿ. ಸರಿಯಾಗಿ ನೆನಪಾದ ಚೀಟಿ ಮುಂದಿನ ಡಬ್ಬಿಗೆ ಹೋಗುತ್ತದೆ, ತಪ್ಪಿದ ಚೀಟಿ ಮತ್ತೆ ಮೊದಲ ಡಬ್ಬಿಗೆ ಬರುತ್ತದೆ. ಇದು ನನ್ನ ಕಲ್ಪನೆಯಲ್ಲ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿಯೇ ಅತಿ ವೇಗವಾಗಿ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ್ದರು. ಚೀಟಿಗಳನ್ನು ಡಬ್ಬಿಯಿಂದ ಡಬ್ಬಿಗೆ ದಾಟಿಸುವ ಕ್ರಮವನ್ನು ಅದೇ ದೇಶದ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಬಳಕೆಗೆ ತಂದರು.

ಪದವನ್ನು ಒಂಟಿಯಾಗಿ ಬರೆಯಬೇಡ. ಬಳಸಲು ಧೈರ್ಯ ಬರುವುದಿಲ್ಲ ಎಂದೆಯಲ್ಲ, ಅದಕ್ಕೆ ಕಾರಣ ಇದೇ ಎಂದು ನನಗೆ ಅನ್ನಿಸುತ್ತದೆ. ‘ಅಕ್ಯೂಸ್ಡ್’ ಪದದ ಜೊತೆ ‘ಆಫ್’ ಬರುತ್ತದೆ, ‘ಚಾರ್ಜ್ಡ್’ ಪದದ ಜೊತೆ ‘ವಿತ್’ ಬರುತ್ತದೆ. ಕನ್ನಡದಲ್ಲಿ ಎರಡಕ್ಕೂ ಆರೋಪವೇ, ಆದ್ದರಿಂದ ಅರ್ಥ ಮಾತ್ರ ಬರೆದುಕೊಂಡವರು ಖಾಲಿ ಜಾಗ ತುಂಬುವ ಪ್ರಶ್ನೆಯಲ್ಲಿ ತಪ್ಪುತ್ತಾರೆ. ‘ಬೇಲ್’ ಎಂದರೆ ಜಾಮೀನು ಎಂಬುದು ನಮ್ಮೂರಿನ ಎಲ್ಲರಿಗೂ ಗೊತ್ತು. ಆದರೆ ಅದನ್ನು ‘ಸೀಕ್’ ಮಾಡುತ್ತಾರೆ, ನ್ಯಾಯಾಲಯ ‘ಗ್ರಾಂಟ್’ ಮಾಡುತ್ತದೆ, ಹೊರಬಂದವನು ‘ಔಟ್ ಆನ್ ಬೇಲ್’ ಎಂಬುದು ಸೇರಿದಾಗಲೇ ಆ ಪದ ಕೈಗೆ ಬಂದಂತೆ.

ಉತ್ತರ: ಗೃಹಿಣಿ, ಹಿರಿಯೂರು

ನಮ್ಮ ಮಾವನವರಿಗೆ ಕಣ್ಣು ಮಂದವಾದ ಮೇಲೆ ಪ್ರತಿದಿನ ಬೆಳಿಗ್ಗೆ ಇಂಗ್ಲಿಷ್ ಪತ್ರಿಕೆಯ ಎರಡು ಸುದ್ದಿಗಳನ್ನು ನಾನು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಮಧ್ಯೆ ಮಧ್ಯೆ ‘ಅದು ಹೇಗೆ, ಇದು ಯಾಕೆ’ ಎಂದು ಕೇಳುತ್ತಿದ್ದುದರಿಂದ ಅರ್ಥವಾಗದ ಪದವನ್ನು ಹಾರಿಸಿಕೊಂಡು ಹೋಗಲು ಸಾಧ್ಯವಿರಲಿಲ್ಲ. ಮನೆಯಲ್ಲಿ ಕೇಳುವವರು ಒಬ್ಬರಿದ್ದರೆ ನೀವೂ ಹೀಗೆ ಮಾಡಿ ನೋಡಿ.

ಮತ್ತೆ ಪ್ರಶ್ನೆ ಕೇಳಿದವರಿಂದ, ಹದಿನೈದು ದಿನಗಳ ನಂತರ

ಎಲ್ಲರಿಗೂ ನಮಸ್ಕಾರಗಳು. ಸಂಪಾದಕೀಯವನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ನಮ್ಮದು ಮೆಕ್ಕೆಜೋಳ ಬೆಳೆಯುವ ಮನೆ, ಹಾಗಾಗಿ ಮಾರುಕಟ್ಟೆಯ ಸುದ್ದಿಯನ್ನೇ ಆರಿಸಿಕೊಂಡೆ. ಅಪ್ಪ ದಿನವೂ ಆಡುವ ‘ಆವಕ’ ಎಂಬ ಮಾತಿಗೆ ಇಂಗ್ಲಿಷ್ ವರದಿಯಲ್ಲಿ ‘ಅರೈವಲ್ಸ್’ ಎಂದಿರುವುದನ್ನು ಕಂಡು ಬಹಳ ಸಂತೋಷವಾಯಿತು. ದರ ಬೀಳುವಷ್ಟು ಮಾಲು ಮಿತಿಮೀರಿ ಬರುವುದಕ್ಕೆ ‘ಗ್ಲಟ್’ ಎಂದಿತ್ತು. ಚೀಟಿಯಲ್ಲಿ ‘ದೇರ್ ಈಸ್ ಎ ಗ್ಲಟ್ ಆಫ್ ಮೇಯ್ಜ್ ಇನ್ ದ ಮಾರ್ಕೆಟ್’ ಎಂದು ನಾನೇ ವಾಕ್ಯ ಮಾಡಿ ಬರೆದಿದ್ದೇನೆ. ಇದು ಸರಿಯೇ? ‘ಅರೈವಲ್ಸ್’ ಯಾವಾಗಲೂ ಬಹುವಚನವೇ?

ಉತ್ತರ: ನಿವೃತ್ತ ಇಂಗ್ಲಿಷ್ ಶಿಕ್ಷಕ, ಚಿತ್ರದುರ್ಗ

ವಾಕ್ಯ ಸರಿಯಾಗಿದೆ, ‘ಆಫ್’ ಕೂಡ ತಪ್ಪದೆ ಬಂದಿದೆ. ಮಾರುಕಟ್ಟೆಗೆ ಬಂದ ಮಾಲಿನ ಅರ್ಥದಲ್ಲಿ ‘ಅರೈವಲ್ಸ್’ ಸಾಮಾನ್ಯವಾಗಿ ಬಹುವಚನದಲ್ಲಿ ಇರುತ್ತದೆ. ಬಸ್ಸಿನ ಆಗಮನಕ್ಕೋ ಅತಿಥಿಯ ಆಗಮನಕ್ಕೋ ಏಕವಚನ ಸಾಕು. ನಾಳೆ ನಿಮ್ಮ ತಂದೆಯವರನ್ನು ಆ ದಿನದ ಆವಕ ಎಷ್ಟು ಚೀಲ ಎಂದು ಕೇಳಿ, ಅದರ ಮೇಲೆ ಇನ್ನೊಂದು ವಾಕ್ಯ ಬರೆದು ಕಳುಹಿಸಿ. ತಿದ್ದಿ ಕೊಡುತ್ತೇನೆ.