ಕುಡಿತ ಬಿಟ್ಟವರಿಗೆ ಇಷ್ಟೊಂದು ರಕ್ತಪರೀಕ್ಷೆ ಏಕೆ?

ಪ್ರಶ್ನೆ, ಶ್ರೀನಿವಾಸಪುರದಿಂದ:
ದಿನವೂ ಕುಡಿಯುತ್ತಿದ್ದ ನಮ್ಮ ಚಿಕ್ಕಪ್ಪನವರು ಮೂರು ದಿನಗಳ ಹಿಂದೆ ಒಮ್ಮೆಲೇ ನಿಲ್ಲಿಸಿದರು. ನಿನ್ನೆ ರಾತ್ರಿ ಕೈ ನಡುಗುತ್ತಾ, ಹೊದಿಕೆಯ ಮೇಲೆ ಇಲ್ಲದ ಇರುವೆಗಳನ್ನು ಹೆಕ್ಕತೊಡಗಿದಾಗ ಕೋಲಾರಕ್ಕೆ ಕರೆತಂದು ದಾಖಲಿಸಿದೆವು. ವೈದ್ಯರು ನೋಡಿದೊಡನೆ ಕಾರಣ ಹೇಳಿದರು; ಹಾಗಿದ್ದೂ ಪದೇ ಪದೇ ರಕ್ತ ತೆಗೆಯುವುದೇಕೆ?

ಉತ್ತರ, ಪ್ರಯೋಗಾಲಯ ತಂತ್ರಜ್ಞರಿಂದ:
ಕುಡಿತವನ್ನು ಒಮ್ಮೆಲೇ ನಿಲ್ಲಿಸಿದಾಗ ಬರುವ ಈ ಸ್ಥಿತಿಯನ್ನು (ಡೆಲಿರಿಯಂ ಟ್ರೆಮೆನ್ಸ್) ಲಕ್ಷಣಗಳಿಂದಲೇ ಗುರುತಿಸುತ್ತಾರೆ. ಪರೀಕ್ಷೆಗಳು ಜೊತೆಗಿರುವ ಅಪಾಯಗಳನ್ನು ಹುಡುಕಲು. ರಕ್ತದ ಸಕ್ಕರೆ ಇಳಿದರೂ ಬೆವರು, ನಡುಕ, ಗೊಂದಲ ಕಾಣುವುದರಿಂದ ಮೊದಲು ಅದನ್ನು ನೋಡುತ್ತಾರೆ. ರಕ್ತದ ಲವಣಗಳಲ್ಲೊಂದಾದ ಪೊಟ್ಯಾಷಿಯಂ ಲೀಟರಿಗೆ 3.5 ಮಿಲಿಮೋಲ್‌ಗಿಂತ ಕೆಳಗಿದ್ದು, ಎಷ್ಟು ಕೊಟ್ಟರೂ ಏರದಿದ್ದರೆ, ಮೆಗ್ನೀಷಿಯಂ ಕೊರತೆಯನ್ನು ಶಂಕಿಸಬೇಕು, ಏಕೆಂದರೆ ಅದು ಕಡಿಮೆಯಾದಾಗ ಮೂತ್ರಪಿಂಡವು ಪೊಟ್ಯಾಷಿಯಂ ಅನ್ನು ಹಿಡಿದಿಟ್ಟುಕೊಳ್ಳಲಾರದು. ಊಟ ಮತ್ತೆ ಶುರುವಾದಾಗ ಫಾಸ್ಫೇಟ್ ಕುಸಿಯಬಹುದು. ನಡುಗುವ ಕೈಯಿಂದ ಕಷ್ಟಪಟ್ಟು ತೆಗೆದ ರಕ್ತದಲ್ಲಿ ಕಣಗಳು ಒಡೆದು ಸೀರಂ (ರಕ್ತದ ತಿಳಿದ್ರವ) ಕೆಂಪಾಗಿದ್ದರೆ ಪೊಟ್ಯಾಷಿಯಂ ಸುಳ್ಳಾಗಿ ಹೆಚ್ಚು ತೋರುತ್ತದೆ. ಅಂಥ ಮಾದರಿಯನ್ನು ನಾನು ಮತ್ತೆ ಕೇಳುತ್ತೇನೆ, ದಯವಿಟ್ಟು ಬೇಸರಿಸಬೇಡಿ.

ಉತ್ತರ, ಶುಶ್ರೂಷಕಿಯೊಬ್ಬರಿಂದ:
ಥಯಾಮಿನ್ (ವಿಟಮಿನ್ ಬಿ1) ಚುಚ್ಚುಮದ್ದಿಗೆ ಯಾವ ವರದಿಗೂ ಕಾಯುವುದಿಲ್ಲ. ಯಕೃತ್ತಿನ ಪರೀಕ್ಷೆ, ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳಾದ ಪ್ಲೇಟ್‌ಲೆಟ್ ಎಣಿಕೆಗಳೂ ಮುಖ್ಯ. ಚಿಕ್ಕಪ್ಪನವರು ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದರೇ? ಪ್ಲೇಟ್‌ಲೆಟ್ ಕಡಿಮೆಯಿದ್ದವರಿಗೆ ತಲೆಯೊಳಗಿನ ರಕ್ತಸ್ರಾವದ ಭಯ ಹೆಚ್ಚು.

ಪ್ರಶ್ನೆ ಕೇಳಿದವರಿಂದ:
ಮೊನ್ನೆ ಬಚ್ಚಲಲ್ಲಿ ಜಾರಿ ಬಿದ್ದಿದ್ದರು ಮೇಡಂ, ಅದನ್ನು ನಾವು ಹೇಳಿರಲೇ ಇಲ್ಲ. ಈಗಲೇ ವಾರ್ಡಿಗೆ ಹೋಗಿ ತಿಳಿಸುತ್ತೇನೆ.