ದೊಡ್ಡಮ್ಮ ಕಳುಹಿಸಿದ ಟೂತ್‌ಪೇಸ್ಟ್ ವಿಡಿಯೊ

ದೊಡ್ಡಮ್ಮ: (ವಿಡಿಯೊ) ಮಗುವಿನ ಮೈ ಸುಟ್ಟರೆ ತಕ್ಷಣ ಟೂತ್‌ಪೇಸ್ಟ್ ಹಚ್ಚಿ. ಉರಿ ಮಾಯ, ಬೊಬ್ಬೆಯೂ ಏಳುವುದಿಲ್ಲ. ಚಿಕ್ಕ ಮಕ್ಕಳಿರುವವರು ತಪ್ಪದೆ ನೋಡಿ.

ಅಕ್ಕ: ದೊಡ್ಡಮ್ಮ, ದಯವಿಟ್ಟು ಇದನ್ನು ತೆಗೆದುಬಿಡಿ. ಪೇಸ್ಟ್ ಮೆತ್ತಿಕೊಂಡು ಬಂದ ಮಕ್ಕಳ ಗಾಯ ತೊಳೆಯುವವರು ನಮ್ಮಂಥ ನರ್ಸ್‌ಗಳು. ಸುಟ್ಟಾಗ ಅತ್ತದ್ದು ಸಾಲದೆಂದು ಆ ಮಕ್ಕಳು ಆಗ ಮತ್ತೊಮ್ಮೆ ಅಳುತ್ತವೆ.

ದೊಡ್ಡಮ್ಮ: ಹಚ್ಚಿದರೆ ತಂಪಾಗುತ್ತದಲ್ಲವೇ? ನಾಲ್ಕು ಮಕ್ಕಳನ್ನು ಸಾಕಿದವಳು ನಾನು.

ಅಕ್ಕ: ತಂಪೆನಿಸುತ್ತದೆ, ಅಷ್ಟೇ. ಬಿಸಿನೀರು ಹರಿದುಹೋದ ಮೇಲೂ ಶಾಖ ಚರ್ಮದೊಳಗೆ ಉಳಿದು ಸುಡುತ್ತಲೇ ಇರುತ್ತದೆ. ಅದನ್ನು ಹೊರಗೆ ತೆಗೆಯಲು ಹರಿಯುವ ತಣ್ಣೀರೇ ಬೇಕು. ಪೇಸ್ಟ್ ಬಳಿದರೆ ಗಾಯ ಎಷ್ಟು ಆಳವಿದೆ ಎಂಬುದೂ ವೈದ್ಯರಿಗೆ ಕಾಣುವುದಿಲ್ಲ. ನಲ್ಲಿಯ ಕೆಳಗೆ 20 ನಿಮಿಷ ಹಿಡಿಯಿರಿ. ಸುಟ್ಟ ಕೂಡಲೇ ಆಗದಿದ್ದರೂ 3 ಗಂಟೆಯೊಳಗೆ ಮಾಡಿದರೆ ಪ್ರಯೋಜನವಿದೆ.

ಚಿಕ್ಕಪ್ಪ: ನೀರು ಸೋಕಿದರೆ ಬೊಬ್ಬೆ ಏಳುತ್ತದೆ ಎಂದು ಅಮ್ಮ ಹೇಳುತ್ತಿದ್ದರು. ಅಷ್ಟು ಹೊತ್ತು ನೆನೆಸಿದರೆ ಮಗು ಚಳಿಯಿಂದ ನಡುಗುತ್ತದೆ. ಮಂಜುಗಡ್ಡೆ ಇಟ್ಟರೆ ಎರಡೇ ನಿಮಿಷದ ಕೆಲಸ.

ಅಕ್ಕ: ಬೊಬ್ಬೆ ಏಳುವುದು ಶಾಖದಿಂದ ಚಿಕ್ಕಪ್ಪ, ಪಾಪ ನೀರಿನ ಮೇಲೇಕೆ ಅಪವಾದ? ಮಂಜುಗಡ್ಡೆ ಇಟ್ಟರೆ ರಕ್ತನಾಳಗಳು ಕುಗ್ಗಿ ಗಾಯ ಇನ್ನಷ್ಟು ಆಳವಾಗಬಹುದು. ಚಳಿಯ ಮಾತನ್ನು ಮಾತ್ರ ಒಪ್ಪುತ್ತೇನೆ. ಸುಟ್ಟ ಜಾಗಕ್ಕೆ ನೀರು, ಉಳಿದ ಮೈಗೆ ಕಂಬಳಿ. ಹಸುಗೂಸಾಗಿದ್ದು ಸುಟ್ಟ ಭಾಗ ದೊಡ್ಡದಿದ್ದರೆ ಮೈ ಬಲುಬೇಗ ತಣ್ಣಗಾಗುತ್ತದೆ. ಹಾಗೆ ಕಂಡರೆ ನೀರು ನಿಲ್ಲಿಸಿ, ಹೊದಿಸಿಕೊಂಡು ಆಸ್ಪತ್ರೆಗೆ ಹೊರಡಿ.

ಅಣ್ಣ: ಬಟ್ಟೆ ಬಿಚ್ಚಬೇಕೇ?

ಅಕ್ಕ: ಮೊದಲು ಅದೇ. ಬಿಸಿನೀರು ಹೀರಿಕೊಂಡ ಬಟ್ಟೆ, ಡೈಪರ್ ಎರಡೂ ಸುಡುತ್ತಿರುತ್ತವೆ. ಬಳೆ, ಉಂಗುರವನ್ನೂ ತೆಗೆಯಿರಿ, ಊದಿಕೊಂಡ ಮೇಲೆ ಬರುವುದಿಲ್ಲ. ಚರ್ಮಕ್ಕೆ ಅಂಟಿದ್ದನ್ನು ಮಾತ್ರ ಎಳೆಯಬೇಡಿ. ನೀರಿನ ನಂತರ, ಆಹಾರ ಮುಚ್ಚಲು ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗಾಯದ ಮೇಲೆ ಹಾಸಿ, ಬಿಗಿಯಾಗಿ ಸುತ್ತಬೇಡಿ. ಬೊಬ್ಬೆ ಒಡೆಯಬೇಡಿ.

ಅಣ್ಣ: ಯಾವಾಗ ಆಸ್ಪತ್ರೆಗೆ?

ಅಕ್ಕ: ಗಾಯ ಮಗುವಿನ ಅಂಗೈಗಿಂತ (ಬೆರಳುಗಳೂ ಸೇರಿ) ದೊಡ್ಡದಿದ್ದರೆ. ಮುಖ, ಕೈ, ಪಾದ, ಕೀಲು, ಗುಪ್ತಾಂಗವಾದರೆ ಗಾತ್ರ ನೋಡುತ್ತಾ ಕೂರಬೇಡಿ. ವಿದ್ಯುತ್, ರಾಸಾಯನಿಕದಿಂದ ಸುಟ್ಟರೂ ಹಾಗೆಯೇ. ಚರ್ಮ ಬಿಳುಚಿಕೊಂಡು ನೋವೇ ಇಲ್ಲವೆಂದರೆ ಸಮಾಧಾನಪಡಬೇಡಿ, ನರಗಳೂ ಸುಟ್ಟಿರಬಹುದು.

ದೊಡ್ಡಮ್ಮ: ಸರಿ, ಅಳಿಸಿದೆ. ಬೇರೆ ಗುಂಪುಗಳಿಗೂ ಕಳುಹಿಸಿಬಿಟ್ಟಿದ್ದೇನಲ್ಲ?

ಅಕ್ಕ: ಅಲ್ಲಿಯೂ ಅಳಿಸಿ, ಯಾಕೆ ಅಳಿಸಿದಿರೆಂದೂ ಬರೆಯಿರಿ.

ಚಿಕ್ಕಪ್ಪ: ಮಂಜುಗಡ್ಡೆಯ ವಿಷಯ ನಾನಿನ್ನೂ ಒಪ್ಪಿಲ್ಲ.

ಅಕ್ಕ: ಒಪ್ಪದಿದ್ದರೂ ಚಿಂತೆಯಿಲ್ಲ ಚಿಕ್ಕಪ್ಪ, ಇಡದಿದ್ದರೆ ಸಾಕು.